ಕಾಗದದಲ್ಲಿ 25 ಸಾವಿರ, ಮಾತಿನಲ್ಲಿ 3 ಲಕ್ಷ: ಒಂದು ಹಳೆಯ ಯಂತ್ರ ಕಾರ್ಖಾನೆಯ ಪ್ರಕರಣ

ಪೀಣ್ಯದಲ್ಲಿ ಸಣ್ಣ ವರ್ಕ್‌ಶಾಪ್ ನಡೆಸುವವರ ಜೊತೆ ಕೂತರೆ ಒಂದು ಮಾತು ಪದೇ ಪದೇ ಕಿವಿಗೆ ಬೀಳುತ್ತದೆ. "ಸರ್, ಈಗ ಕೊಟ್ಟಿರೋ ಆರ್ಡರ್ ಚಿಕ್ಕದು. ಆದ್ರೆ ಮುಂದಿನ ವರ್ಷ ದೊಡ್ಡದು ಕೊಡ್ತೀವಿ ಅಂದಿದ್ದಾರೆ. ಅದಕ್ಕೇ ಇನ್ನೊಂದು ಮೆಷಿನ್ ಹಾಕಿಸ್ತಿದ್ದೀನಿ." ಈ ಮಾತು ಕೇಳಿದಾಗಲೆಲ್ಲ ನನಗೆ 170 ವರ್ಷದ ಹಿಂದಿನ ಒಂದು ಕಾರ್ಖಾನೆ ನೆನಪಾಗುತ್ತದೆ.

ಅದು ಇದ್ದದ್ದು ಅಮೆರಿಕದ ವರ್ಮಾಂಟ್ ರಾಜ್ಯದ ವಿಂಡ್ಸರ್ ಎಂಬ ಪುಟ್ಟ ಊರಿನಲ್ಲಿ. ಬೇರೆ ಕಾರ್ಖಾನೆಗಳಿಗೆ ಬೇಕಾದ ಯಂತ್ರಗಳನ್ನು ಮಾಡಿ ಮಾರಿದ ಮೊದಮೊದಲ ಕಂಪನಿಗಳಲ್ಲಿ ಅದೂ ಒಂದು. 1844ರ ಚಳಿಗಾಲದಲ್ಲಿ ಶುರುವಾಯಿತು, 1856ರಲ್ಲಿ ಮುಳುಗಿತು. ಅಷ್ಟರಲ್ಲಿ ಇಂಗ್ಲೆಂಡಿನ ಸರ್ಕಾರವೇ ಬಂದು ಅದರ ಯಂತ್ರಗಳನ್ನು ಕೊಂಡುಕೊಂಡಿತ್ತು. ಕೆಲಸ ಬಾರದವರು ಸೋತರೆ ಅದರಲ್ಲಿ ಕಲಿಯುವುದು ಕಡಿಮೆ. ಇವರು ತಮ್ಮ ಕಾಲದ ಅತ್ಯುತ್ತಮ ಕೆಲಸಗಾರರು. ಆದರೂ ಸೋತರು. ಅದಕ್ಕೇ ಈ ಪ್ರಕರಣ ನನ್ನನ್ನು ಕಾಡುತ್ತದೆ.

ಊರು, ಇಸವಿ, ಅಂಕಿ ಎಲ್ಲ ಇದ್ದ ಹಾಗೇ ಕೊಟ್ಟಿದ್ದೇನೆ. ಕಂಪನಿಯ ಹೆಸರು ಮತ್ತು ಅದರ ಒಳಗಿನವರ ಹೆಸರು ಮಾತ್ರ ಬಿಟ್ಟಿದ್ದೇನೆ. ಹೆಸರು ಬಂದ ಕೂಡಲೇ ನಾವು ಒಬ್ಬರನ್ನು ಹೊಗಳಲು, ಇನ್ನೊಬ್ಬರನ್ನು ತೆಗಳಲು ಶುರು ಮಾಡುತ್ತೇವೆ. ಇಲ್ಲಿ ನೋಡಬೇಕಾದ್ದು ಅವರು ಯಾವಾಗ ಏನು ತೀರ್ಮಾನ ಮಾಡಿದರು ಅನ್ನುವುದನ್ನು. ಹಾಗಾಗಿ ಅವರನ್ನು ಮೇಸ್ತ್ರಿ, ಹಿರಿಯರು, ಸಾಹುಕಾರರು, ಯುವ ಇಂಜಿನಿಯರ್ ಅಂತ ಕರೆಯುತ್ತೇನೆ.

ಹಿನ್ನೆಲೆ

ಮೇಸ್ತ್ರಿ ಹುಟ್ಟಿದ್ದು 1817ರಲ್ಲಿ. ಬಂದೂಕು ರಿಪೇರಿಯಲ್ಲಿ ಕೈ ಪಳಗಿತ್ತು. 1838ರಲ್ಲಿ ವಿಂಡ್ಸರ್ ಕಡೆಗೆ ಬಂದಾಗ ಒಬ್ಬ ಡಾಕ್ಟರ ಹಳೆಯ ಬಂದೂಕನ್ನು ಸರಿಮಾಡಿಕೊಟ್ಟರು. ಜೊತೆಗೆ ಸಣ್ಣ ತೂತಿನ ಮೂಲಕ ಗುರಿ ನೋಡುವ ಒಂದು ಸಾಧನವನ್ನೂ ಕೂರಿಸಿದರು. ಡಾಕ್ಟರು ಅಂಥದ್ದನ್ನು ಕಂಡಿರಲಿಲ್ಲ. ಮೇಪಲ್ ಮರದಲ್ಲಿ ರಸ ಇಳಿಸಲು ಕೊರೆದಿದ್ದ ಮುಕ್ಕಾಲು ಇಂಚಿನ ತೂತನ್ನೇ ಗುರಿ ಇಟ್ಟುಕೊಂಡರು. ಮೇಸ್ತ್ರಿ ಗುಂಡು ಹಾರಿಸಿದರು. ಡಾಕ್ಟರು ಹೋಗಿ ನೋಡಿದರೆ ಮರದಲ್ಲಿ ಎಲ್ಲೂ ಗುಂಡಿನ ಗುರುತಿಲ್ಲ. ಮರಕ್ಕೇ ತಗುಲಿಲ್ಲ ಅಂದುಕೊಂಡರು. ಮತ್ತೆ ಹಾರಿಸಿದರೂ ಅದೇ ಕಥೆ. ಕೊನೆಗೆ ಹುಡುಕಿದಾಗ ಗುಂಡು ಆ ತೂತಿನ ಒಳಗೇ ಸಿಕ್ಕಿತು!

ಆಗ ವಿಂಡ್ಸರ್‌ನಲ್ಲಿ ರಾಜ್ಯದ ಜೈಲಿತ್ತು. ಅದರೊಳಗೆ ಬಂದೂಕು ಮಾಡಿಸುವ ಒಂದು ವರ್ಕ್‌ಶಾಪ್ ನಡೆಯುತ್ತಿತ್ತು. ಅದನ್ನು ನಡೆಸುತ್ತಿದ್ದವರೇ ನಾನು ಹಿರಿಯರು ಅನ್ನುತ್ತಿರುವವರು. ಮೇಸ್ತ್ರಿಗೆ ಅಲ್ಲಿ ಕೆಲಸ ಸಿಕ್ಕಿತು. ಮುಂದೆ 1843ರಲ್ಲಿ ಇಬ್ಬರೂ ಸೇರಿ ಊರಲ್ಲಿ ಒಂದು ಚಿಕ್ಕ ಅಂಗಡಿ ಹಾಕಿಕೊಂಡರು.

1844ರ ಚಳಿಗಾಲದಲ್ಲಿ ಆ ಅಂಗಡಿಗೆ ಸಾಹುಕಾರರು ಬಂದರು. ಅಮೆರಿಕ ಸರ್ಕಾರಕ್ಕೆ ಸೈನ್ಯಕ್ಕಾಗಿ 10,000 ರೈಫಲ್ ಬೇಕಂತೆ, ನಾವೇ ಯಾಕೆ ಟೆಂಡರ್ ಹಾಕಬಾರದು ಅಂತ ಕೇಳಿದರು. ಒಬ್ಬರ ಹತ್ತಿರ ವ್ಯಾಪಾರದ ಬುದ್ಧಿ, ಇಬ್ಬರ ಹತ್ತಿರ ಕೈಕೆಲಸ. ಮೂವರೂ ಪಾಲುದಾರರಾದರು. ಇವರಿಂದ ಆಗುವ ಕೆಲಸವಲ್ಲ ಅಂತ ಬೇರೆ ಬಂದೂಕು ಗುತ್ತಿಗೆದಾರರು ಹೇಳುತ್ತಲೇ ಇದ್ದರು. ಆದರೂ 1845ರಲ್ಲಿ ಗುತ್ತಿಗೆ ಇವರಿಗೇ ಬಂತು. ಒಂದು ರೈಫಲ್‌ಗೆ 11.90 ಡಾಲರ್. ಒಟ್ಟು 1,19,000 ಡಾಲರ್ ಕೆಲಸ. ಆ ಹೊತ್ತಿಗೆ ಇವರ ಹತ್ತಿರ ಜಾಗವಿಲ್ಲ, ಕಟ್ಟಡವಿಲ್ಲ, ಯಂತ್ರವೂ ಇಲ್ಲ.

ಅರದಿಂದ ಮಿಲ್ಲಿಂಗ್‌ಗೆ

ಆ ಕಾಲದಲ್ಲಿ ಬಂದೂಕು ಮಾಡುವುದು ಅಂದರೆ ಅರ ಹಿಡಿದು ಉಜ್ಜುವುದು. ಕುದುರೆ ಅಂತ ನಾವು ಕರೆಯುವ ಟ್ರಿಗರ್, ಅದರ ಹಿಂದಿನ ಸಣ್ಣ ಸಣ್ಣ ಉಕ್ಕಿನ ತುಂಡುಗಳು, ಸ್ಪ್ರಿಂಗ್, ಸ್ಕ್ರೂ ಎಲ್ಲವನ್ನೂ ಒಬ್ಬ ಫಿಟ್ಟರ್ ಉಜ್ಜಿ ಉಜ್ಜಿ ಒಂದಕ್ಕೊಂದು ಕೂರಿಸುತ್ತಿದ್ದ. ಹಾಗೆ ಕೂರಿಸಿದ ತುಂಡು ಆ ಒಂದು ಬಂದೂಕಿಗೆ ಮಾತ್ರ ಸರಿ. ಪಕ್ಕದ ಬಂದೂಕಿಗೆ ಹಾಕಿದರೆ ಕೂರುವುದಿಲ್ಲ. ಯುದ್ಧಭೂಮಿಯಲ್ಲಿ ಒಂದು ತುಂಡು ಮುರಿದರೆ ಇಡೀ ಬಂದೂಕು ಮೂಲೆಗೆ.

ಅಮೆರಿಕ ಸರ್ಕಾರದ ಸ್ಪ್ರಿಂಗ್‌ಫೀಲ್ಡ್ ಮತ್ತು ಹಾರ್ಪರ್ಸ್ ಫೆರಿ ಕಾರ್ಖಾನೆಗಳು ಇದಕ್ಕೆ ಪರಿಹಾರ ಹುಡುಕಿಕೊಂಡಿದ್ದವು. ಮೊದಲು ಗೇಜ್ ಮಾಡು, ಅಂದರೆ ತುಂಡಿನ ಅಳತೆ ಸರಿಯಿದೆಯೇ ಅಂತ ನೋಡುವ ಸಾಧನ. ತುಂಡನ್ನು ಹಿಡಿಯಲು ಫಿಕ್ಸ್ಚರ್ ಮಾಡು. ಆಮೇಲೆ ಯಂತ್ರದಿಂದ ಕಡಿ. ಎಲ್ಲ ತುಂಡೂ ಗೇಜ್‌ಗೆ ಸರಿ ಬಂದರೆ ಯಾವ ತುಂಡು ಯಾವ ಬಂದೂಕಿಗಾದರೂ ಕೂರುತ್ತದೆ. ಇವತ್ತು ಐಟಿಐ ಮೊದಲ ವರ್ಷದ ಹುಡುಗನಿಗೂ ಗೊತ್ತಿರುವ ವಿಷಯ. ಆಗ ಅದು ಕೈಬೆರಳಲ್ಲಿ ಎಣಿಸುವಷ್ಟು ಜನರಿಗೆ ಮಾತ್ರ ಗೊತ್ತಿತ್ತು.

ವಿಂಡ್ಸರ್‌ನವರು ಈ ದಾರಿಯನ್ನೇ ಹಿಡಿದರು. ಮಿಲ್ ಬ್ರೂಕ್ ಎಂಬ ಹಳ್ಳದ ದಡದಲ್ಲಿ ಜಾಗ ಕೊಂಡು, 1846ರಲ್ಲಿ ಇಟ್ಟಿಗೆಯ ದೊಡ್ಡ ಕಟ್ಟಡ ಎಬ್ಬಿಸಿದರು. ಯಂತ್ರಗಳು ನೀರಿನ ಬಲದಿಂದ ಓಡುತ್ತಿದ್ದವು. ಸಿಕ್ಕಿದ ಯಂತ್ರ ಕೊಂಡರು, ಸಿಗದ್ದನ್ನು ತಾವೇ ಮಾಡಿಕೊಂಡರು. 10,000 ರೈಫಲ್‌ಗಳನ್ನು ಗಡುವಿಗಿಂತ 18 ತಿಂಗಳು ಮೊದಲೇ ಮುಗಿಸಿ ಕೊಟ್ಟರು. ಒಳ್ಳೆಯ ಲಾಭವೂ ಬಂತು. ಅದೇ ಮಾದರಿಯ ಇನ್ನೂ 15,000 ರೈಫಲ್‌ಗಳ ಗುತ್ತಿಗೆ ಕೈಸೇರಿತು. ಈ ಎರಡನೇ ಗುತ್ತಿಗೆಗೆ ಹೊಸ ಗೇಜ್ ಬೇಕಿರಲಿಲ್ಲ, ಹೊಸ ಫಿಕ್ಸ್ಚರ್ ಬೇಕಿರಲಿಲ್ಲ. ಮೊದಲ ಗುತ್ತಿಗೆಯ ದುಡ್ಡಿನಲ್ಲೇ ಅವು ಆಗಿಹೋಗಿದ್ದವು. ಈ ಸಂಗತಿಯನ್ನು ನೆನಪಿಟ್ಟುಕೊಳ್ಳಿ. ಮುಂದೆ ಬೇಕಾಗುತ್ತದೆ.

ಹೆಚ್ಚುಕಡಿಮೆ ಅದೇ ಹೊತ್ತಿಗೆ ಹಿರಿಯರು ತಮ್ಮ ಪಾಲು ಮಾರಿ ಹೊರಟರು. 1847ರಲ್ಲಿ ಯುವ ಇಂಜಿನಿಯರ್ ಬಂದರು. ವಯಸ್ಸು ಇಪ್ಪತ್ತೈದು. ನನ್ನ ಮಟ್ಟಿಗೆ ಈ ಕಂಪನಿಯ ನಿಜವಾದ ಸಂಪತ್ತು ಇವರೇ.

ಸುತ್ತುವ ಕಟ್ಟರ್‌ನಿಂದ ಲೋಹ ಕಡಿಯುವ ಮಿಲ್ಲಿಂಗ್ ಮೆಷಿನ್ ಇವರು ಬರುವ ಮೊದಲೂ ಇತ್ತು. ಆದರೆ ಬಹಳ ಕಡೆ ಅದು ಹಗುರ, ಅಲುಗಾಡುತ್ತಿತ್ತು, ಜಾಸ್ತಿ ಲೋಹ ಕಡಿಯಲು ಹೋದರೆ ನಡುಗುತ್ತಿತ್ತು. ಯುವ ಇಂಜಿನಿಯರ್ ಅದನ್ನು ಗಟ್ಟಿಮುಟ್ಟಾಗಿ, ದಿನವಿಡೀ ಒಂದೇ ಅಳತೆ ಕಡಿಯುವ ಹಾಗೆ ಮತ್ತೆ ರೂಪಿಸಿದರು. ಅರದಿಂದ ಉಜ್ಜುವ ಕೆಲಸವನ್ನು ಸುತ್ತುವ ಕಟ್ಟರ್‌ಗೆ ಒಪ್ಪಿಸಿದರು. ನಳಿಗೆ ಕೊರೆಯುವ ಯಂತ್ರ, ನಳಿಗೆಯ ಒಳಗೆ ಸುರುಳಿ ಗೀರು ಹಾಕುವ ಯಂತ್ರ, ಸೊಟ್ಟ ಅಂಚನ್ನು ಅಚ್ಚಿನ ಪ್ರಕಾರ ಕಡಿಯುವ ಪ್ರೊಫೈಲಿಂಗ್ ಯಂತ್ರ ಒಂದೊಂದಾಗಿ ಬಂದವು. ಟರ್ರೆಟ್ ಲೇತ್ ಕೂಡ ಅಲ್ಲಿ ತಯಾರಾಯಿತು. ಒಂದೇ ಟರ್ರೆಟ್‌ನಲ್ಲಿ ಹಲವು ಟೂಲ್ ಕೂರಿಸಿ, ತಿರುಗಿಸಿದ ಹಾಗೆ ಮುಂದಿನ ಟೂಲ್ ಕೆಲಸಕ್ಕೆ ಬರುವ ಏರ್ಪಾಡು. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಲೇತ್‌ನಲ್ಲಿ ಟರ್ರೆಟ್ ಟಕ್ ಅಂತ ತಿರುಗುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಬಂದೂಕು ಮತ್ತು ಯಂತ್ರೋಪಕರಣ ಹೀಗೆ ಒಟ್ಟಿಗೆ ಬೆಳೆದದ್ದು ಅಲ್ಲಿ ಮಾತ್ರ ಅಲ್ಲ. 1953ರಲ್ಲಿ ಶುರುವಾದ ನಮ್ಮ ಜಾಲಹಳ್ಳಿಯ ಎಚ್‌ಎಂಟಿಗೆ ಲೇತ್ ಮಾಡುವುದನ್ನು ಕಲಿಸಿದ ಸ್ವಿಟ್ಜರ್‌ಲೆಂಡಿನ ಓರ್ಲಿಕಾನ್ ಕೂಡ ಫಿರಂಗಿ ಮಾಡುತ್ತಿದ್ದ ಕಂಪನಿಯೇ.

ಲಂಡನ್ ಕಣ್ಣಿಗೆ ಬಿದ್ದದ್ದು

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ದೊಡ್ಡ ವಸ್ತುಪ್ರದರ್ಶನ ನಡೆಯಿತು. ಗಾಜು ಮತ್ತು ಕಬ್ಬಿಣದ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿದ್ದು ಅದಕ್ಕಾಗಿಯೇ. ವಿಂಡ್ಸರ್‌ನವರು ಅಲ್ಲಿ ಆರು ರೈಫಲ್ ಇಟ್ಟರು. ಒಂದರ ತುಂಡು ಇನ್ನೊಂದಕ್ಕೆ ಸಲೀಸಾಗಿ ಕೂರುತ್ತಿತ್ತು. ಪದಕ ಬಂತು. ಇಂಗ್ಲೆಂಡಿನ ಸೈನ್ಯದವರ ಗಮನವೂ ಅತ್ತ ಹರಿಯಿತು.

1853ರಲ್ಲಿ ಕ್ರಿಮಿಯಾ ಯುದ್ಧ ಹೊತ್ತಿಕೊಂಡಿತು. ಮರುವರ್ಷ ಬ್ರಿಟನ್ ಕೂಡ ಅದಕ್ಕೆ ಇಳಿಯಿತು. ಸೈನ್ಯಕ್ಕೆ ಬಂದೂಕು ಬೇಕು, ಬೇಗ ಬೇಕು. ಅಲ್ಲಿನ ಬಂದೂಕು ಇನ್ನೂ ಬರ್ಮಿಂಗ್‌ಹ್ಯಾಮ್, ಲಂಡನ್ನಿನ ಕೈಕೆಲಸದವರಿಂದಲೇ ಬರಬೇಕಿತ್ತು. 1854ರಲ್ಲಿ ಬ್ರಿಟಿಷ್ ಸರ್ಕಾರ ಒಂದು ತಂಡವನ್ನು ಅಮೆರಿಕಕ್ಕೆ ಕಳಿಸಿತು. ವುಲಿಚ್‌ನ ಸರ್ಕಾರಿ ಶಸ್ತ್ರಾಸ್ತ್ರ ಕಾರ್ಖಾನೆಯ ಇಂಜಿನಿಯರ್ ಜಾನ್ ಆಂಡರ್ಸನ್ ಆ ತಂಡದಲ್ಲಿದ್ದರು. ಅವರು ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಒಂದು ಪರೀಕ್ಷೆ ಮಾಡಿದರು. 1844ರಿಂದ 1853ರವರೆಗೆ ವರ್ಷಕ್ಕೊಂದರಂತೆ ಹತ್ತು ಬಂದೂಕು ತರಿಸಿದರು. ಎಲ್ಲವನ್ನೂ ಬಿಚ್ಚಿಸಿ ತುಂಡುಗಳನ್ನು ಕಲೆಸಿದರು. ಒಬ್ಬ ಕೆಲಸಗಾರ ಬರೀ ಸ್ಕ್ರೂಡ್ರೈವರ್ ಹಿಡಿದು ಹತ್ತನ್ನೂ ಮತ್ತೆ ಜೋಡಿಸಿದ. ಅರ ಮುಟ್ಟಲೇ ಇಲ್ಲ.

ಆ ತಂಡ ವಿಂಡ್ಸರ್‌ಗೂ ಬಂತು. ಲಂಡನ್ ಪಕ್ಕದ ಎನ್‌ಫೀಲ್ಡ್‌ನಲ್ಲಿ ಸರ್ಕಾರದ ಹೊಸ ಬಂದೂಕು ಕಾರ್ಖಾನೆಗೆ ಸುಮಾರು 150 ಯಂತ್ರಗಳ ಆರ್ಡರ್ ಕೊಟ್ಟು ಹೋಯಿತು. ಕೈಗಾರಿಕಾ ಕ್ರಾಂತಿ ಶುರುವಾದ ದೇಶವೇ ಹಳ್ಳದ ದಡದ ಒಂದು ಪುಟ್ಟ ಊರಿನಿಂದ ಯಂತ್ರ ತರಿಸಿಕೊಂಡಿತು. ಇದನ್ನು ಓದುವಾಗ ನನಗೆ ಈಗಲೂ ಮೈ ಜುಮ್ ಅನ್ನುತ್ತದೆ.

ಕೈ ಖಾಲಿಯಾದ ಬಗೆ

ಹೊರಗಿನಿಂದ ನೋಡಿದರೆ ಕಂಪನಿ ಉತ್ತುಂಗದಲ್ಲಿತ್ತು. ಒಳಗೆ ದುಡ್ಡು ಸೋರುತ್ತಿತ್ತು.

ಬಂದೂಕಿನ ಲಾಭ ನೋಡಿ ಸಾಹುಕಾರರು ಮತ್ತು ಅವರ ಜೊತೆಗಿದ್ದವರು ರೈಲು ಬೋಗಿ ಮಾಡುವ ಕೆಲಸಕ್ಕೆ ಕೈ ಹಾಕಿದ್ದರು. ಆಗ ಅಮೆರಿಕದ ತುಂಬ ರೈಲು ಹಳಿ ಹಾಕುವ ಭರಾಟೆ. ಹಾಗಾಗಿ ಆಸೆ ಸಹಜವೇ. ಆದರೆ ಬೋಗಿ ಅಂದರೆ ಮರಗೆಲಸ, ಬೇರೆ ಗಿರಾಕಿ, ಬೇರೆ ಲೆಕ್ಕ. ಗೇಜ್, ಫಿಕ್ಸ್ಚರ್ ಜ್ಞಾನ ಅಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರಲಿಲ್ಲ. ದೊಡ್ಡ ನಷ್ಟವಾಯಿತು. ಬಂದೂಕಿನಲ್ಲಿ ಗಳಿಸಿದ್ದು ಬೋಗಿಯಲ್ಲಿ ಹೋಯಿತು.

ಇನ್ನೊಂದು ಕಡೆ ಕನೆಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ ಎರಡನೇ ಕಾರ್ಖಾನೆ ಎದ್ದಿತ್ತು. ಅದು ಶಾರ್ಪ್ಸ್ ಕಂಪನಿಯ ಬಂದೂಕು ಮಾಡಿಕೊಡಲು. ಶಾರ್ಪ್ಸ್‌ನವರು ಅದಕ್ಕಾಗಿ ಸುಮಾರು 40,000 ಡಾಲರ್ ಮುಂಗಡ ಕೊಟ್ಟಿದ್ದರು. ಅದನ್ನು ನೋಡಿಕೊಳ್ಳಲು ಮೇಸ್ತ್ರಿ 1853ರಲ್ಲಿ ಹಾರ್ಟ್‌ಫರ್ಡ್‌ಗೆ ಹೋದರು. ದುಡ್ಡಿನ ಕೈ ಒಂದೂರಲ್ಲಿ, ಕೆಲಸದ ಕೈ ಇನ್ನೊಂದೂರಲ್ಲಿ. ಸಣ್ಣ ಕಂಪನಿಗೆ ಇದು ಎಷ್ಟು ಕಷ್ಟ ಅನ್ನುವುದು ಎರಡು ಕಡೆ ಶೆಡ್ ನಡೆಸಿದವರಿಗೆ ಗೊತ್ತು.

1855ರ ಆ ಸಹಿ

ಈಗ ಮುಖ್ಯ ಘಟ್ಟಕ್ಕೆ ಬರೋಣ.

ಯುದ್ಧ ನಡೆಯುತ್ತಿತ್ತು. ಎನ್‌ಫೀಲ್ಡ್‌ನ ಹೊಸ ಕಾರ್ಖಾನೆ ಇನ್ನೂ ತಯಾರಾಗಿರಲಿಲ್ಲ. ಅಷ್ಟರವರೆಗೆ ಬಂದೂಕು ಎಲ್ಲಿಂದಾದರೂ ಬರಬೇಕಿತ್ತು. ಲಂಡನ್ನಿನ ಒಂದು ಗುತ್ತಿಗೆ ಕಂಪನಿ ಮಧ್ಯೆ ನಿಂತಿತು. 1851ರಲ್ಲಿ ಕ್ರಿಸ್ಟಲ್ ಪ್ಯಾಲೇಸ್ ಕಟ್ಟಿಕೊಟ್ಟದ್ದು ಇದೇ ಕಂಪನಿ. ಅದರ ಏಜೆಂಟರು ಬಂದು, 1853ರ ಮಾದರಿಯ ಎನ್‌ಫೀಲ್ಡ್ ರೈಫಲ್ 25,000 ಮಾಡಿಕೊಡಿ ಅಂದರು. ಈ ಬಂದೂಕು ನಮಗೆ ಹೊಸದಲ್ಲ. 1857ರ ಸಿಪಾಯಿ ದಂಗೆಗೆ ಕಿಡಿಯಾದ ಕೊಬ್ಬು ಸವರಿದ ತೋಟಾದ ಬಗ್ಗೆ ಶಾಲೆಯಲ್ಲಿ ಓದಿದ್ದೇವಲ್ಲ, ಆ ತೋಟಾ ಇದೇ ಬಂದೂಕಿನದು.

ಏಜೆಂಟರು ಇನ್ನೊಂದು ಮಾತನ್ನೂ ಹೇಳಿದರು. ಇದು ಬರೀ ಶುರು. ಇದರ ಹಿಂದೆಯೇ 3,00,000 ರೈಫಲ್‌ಗಳ ಆರ್ಡರ್ ಬರುತ್ತದೆ. ಈ ಮಾತು ಕಾಗದಕ್ಕೆ ಇಳಿಯಲಿಲ್ಲ.

ಮೇಸ್ತ್ರಿ ಒಪ್ಪಲಿಲ್ಲ. ಅವರ ವಾದ ಸರಳ. ಎನ್‌ಫೀಲ್ಡ್ ಬೇರೆ ಮಾದರಿ. ಗೇಜ್, ಫಿಕ್ಸ್ಚರ್, ಕಟ್ಟರ್ ಎಲ್ಲ ಹೊಸದಾಗಿ ಮಾಡಬೇಕು. 25,000ಕ್ಕೆ ಮಾತ್ರ ಅದನ್ನೆಲ್ಲ ಮಾಡಿದರೆ ಖರ್ಚು ಹುಟ್ಟುವುದಿಲ್ಲ. 3,00,000 ಕೂಡ ಕಾಗದದಲ್ಲಿ ಬರಲಿ, ಆಮೇಲೆ ಸಹಿ ಹಾಕೋಣ. ಉಳಿದವರು ಕೇಳಲಿಲ್ಲ. ಬಹಳ ಚರ್ಚೆಯ ನಂತರ ಸಾಹುಕಾರರು ಸಹಿ ಹಾಕಿದರು.

ಈ ಚರ್ಚೆಯ ವಿವರ ಮೇಸ್ತ್ರಿ ತಮ್ಮ ಮುಪ್ಪಿನಲ್ಲಿ, 1890ರಲ್ಲಿ ಬರೆದಿಟ್ಟ ನೆನಪು. ಅದು ಒಂದು ಕಡೆಯ ಮಾತು ಅನ್ನುವುದನ್ನು ಮರೆಯಬಾರದು. ಸಾಹುಕಾರರ ಜಾಗದಲ್ಲಿ ನಿಂತೂ ನೋಡಬೇಕು. ಹತ್ತು ವರ್ಷದ ಹಿಂದೆ ಕಟ್ಟಡವೇ ಇಲ್ಲದೆ 10,000 ರೈಫಲ್ ಒಪ್ಪಿಕೊಂಡಿದ್ದರು. ಆಗಲೂ ಎಲ್ಲರೂ ಆಗಲ್ಲ ಅಂದಿದ್ದರು. ಆದರೂ ಆಗಿತ್ತು. ಯುದ್ಧ ಮುಗಿಯುವ ಲಕ್ಷಣವೂ ಆಗ ಕಾಣುತ್ತಿರಲಿಲ್ಲ. ಬೋಗಿಯ ನಷ್ಟ ತುಂಬಿಕೊಳ್ಳಲು ದೊಡ್ಡದೊಂದು ಕೆಲಸ ಬೇಕೇ ಬೇಕಿತ್ತು. ಅವರನ್ನು ದುರಾಸೆಯವರು ಅಂತ ನಾನು ಕರೆಯುವುದಿಲ್ಲ. ಒಂದು ಸಲ ಗೆಲ್ಲಿಸಿದ ಧೈರ್ಯವನ್ನು ಇನ್ನೊಂದು ಸಲವೂ ನಂಬಿದರು, ಅಷ್ಟೇ.

ಆಮೇಲಿನದು ಬೇಗ ನಡೆದುಹೋಯಿತು. ಹೊಸ ಟೂಲಿಂಗ್‌ಗೆ, ಅಂದರೆ ಆ ಗೇಜ್, ಫಿಕ್ಸ್ಚರ್, ಕಟ್ಟರ್‌ಗಳಿಗೆ, ದುಡ್ಡು ಸುರಿದರು, ಸಾಲ ಬೆಳೆಯಿತು. ಕೆಲಸ ಗಡುವಿಗಿಂತ ಹಿಂದೆ ಬಿತ್ತು. ತಡವಾದರೆ ದಂಡ ಅಂತ ಗುತ್ತಿಗೆಯಲ್ಲಿತ್ತು. 1856ರ ಮಾರ್ಚ್ 30ರಂದು ಪ್ಯಾರಿಸ್‌ನಲ್ಲಿ ಶಾಂತಿ ಒಪ್ಪಂದವಾಗಿ ಯುದ್ಧ ನಿಂತಿತು. 25,000ದಲ್ಲಿ ಅರ್ಧವೂ ಮುಗಿದಿರಲಿಲ್ಲ. 3,00,000ದ ಮಾತು ಯಾರ ಬಾಯಲ್ಲೂ ಇರಲಿಲ್ಲ. ಅದೇ ವರ್ಷ ಕಂಪನಿ ದಿವಾಳಿಯಾಯಿತು. ಕಾರ್ಖಾನೆ ಸಾಲ ಕೊಟ್ಟವರ ಕೈಗೆ ಹೋಯಿತು.

ಲೆಕ್ಕ ಎಲ್ಲಿ ತಪ್ಪಿತು

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಅಂತ ಹೇಳಿ ಮುಗಿಸಿಬಿಡಬಹುದು. ಆದರೆ 1845ರಲ್ಲೂ ಅವರು ಕುಲಾವಿಯನ್ನೇ ಮೊದಲು ಹೊಲಿಸಿದ್ದು. ಆಗ ಲಾಭವಾಯಿತು, ಈಗ ಯಾಕೆ ಮುಳುಗಿದರು? ಎರಡು ಸಹಿಗಳನ್ನು ಪಕ್ಕಪಕ್ಕ ಇಟ್ಟು ನೋಡಬೇಕು.

ಮೊದಲ ಸಲ ಪೂರ್ತಿ ಆರ್ಡರ್ ಕಾಗದದಲ್ಲೇ ಇತ್ತು. ಕೊಂಡುಕೊಳ್ಳುವವರು ನೇರವಾಗಿ ಸರ್ಕಾರ. ಗಡುವು ಎಷ್ಟು ಸಡಿಲ ಇತ್ತೆಂದರೆ 18 ತಿಂಗಳು ಮೊದಲೇ ಮುಗಿಸಲು ಆಯಿತು. ಟೂಲಿಂಗ್ ಖರ್ಚು 10,000ದಲ್ಲೇ ಹುಟ್ಟಿತು. ಅದೇ ಟೂಲಿಂಗ್ ಮುಂದಿನ 15,000ಕ್ಕೂ ದುಡಿಯಿತು. ಎರಡನೇ ಆರ್ಡರ್ ಬಾರದೇ ಹೋಗಿದ್ದರೂ ಅವರು ಬದುಕುತ್ತಿದ್ದರು.

1855ರಲ್ಲಿ ಹಾಗಿರಲಿಲ್ಲ. ಎರಡನೇ ಆರ್ಡರ್ ಬಂದರೆ ಮಾತ್ರ ಮೊದಲನೆಯದಕ್ಕೆ ಅರ್ಥ. ಸುಮ್ನೆ ಲೆಕ್ಕಕ್ಕೆ ಇವತ್ತಿನ ರೂಪಾಯಿಯಲ್ಲಿ ನೋಡೋಣ. ಇದು ತಿಳಿಯಲೆಂದು ನಾನು ಹಾಕಿಕೊಂಡ ಅಂಕಿ. ಹೊಸ ಗೇಜ್, ಫಿಕ್ಸ್ಚರ್, ಕಟ್ಟರ್‌ಗೆ 30 ಲಕ್ಷ ರೂಪಾಯಿ ಅಂತ ಇಟ್ಟುಕೊಳ್ಳಿ. 25,000 ತುಂಡಿಗೆ ಹಂಚಿದರೆ ತುಂಡಿಗೆ 120 ರೂಪಾಯಿ. 3,25,000ಕ್ಕೆ ಹಂಚಿದರೆ ತುಂಡಿಗೆ 9 ರೂಪಾಯಿ ಚಿಲ್ಲರೆ. ನೀವು 9 ರೂಪಾಯಿ ಲೆಕ್ಕದಲ್ಲಿ ದರ ಕೊಟ್ಟು, ಕೈಗೆ 25,000ದ ಆರ್ಡರ್ ಮಾತ್ರ ಬಂದರೆ, ಪ್ರತಿ ತುಂಡಿಗೂ 110 ರೂಪಾಯಿ ಜೇಬಿನಿಂದ ಹೋಗುತ್ತದೆ. ಎಷ್ಟು ಚೆನ್ನಾಗಿ ಕೆಲಸ ಮಾಡಿದರೂ ಅದು ತಪ್ಪುವುದಿಲ್ಲ. ಮೇಸ್ತ್ರಿ ಹೇಳಿದ್ದು ಇದನ್ನೇ.

ಇದಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು ವಿಷಯ. 3,00,000 ರೈಫಲ್ ಕೊಂಡುಕೊಳ್ಳಬೇಕಾದವರು ಯಾರು? ಬ್ರಿಟಿಷ್ ಸರ್ಕಾರ. ಸುಮಾರು 150 ಯಂತ್ರ ಕೊಂಡವರು ಯಾರು? ಅದೇ ಬ್ರಿಟಿಷ್ ಸರ್ಕಾರ. ಅಷ್ಟು ಯಂತ್ರ ತಂದು ಎನ್‌ಫೀಲ್ಡ್‌ನಲ್ಲಿ ನಿಲ್ಲಿಸಿಕೊಂಡವರಿಗೆ ಹೊರಗಿನಿಂದ 3,00,000 ಬಂದೂಕು ಯಾಕೆ ಬೇಕು? ಗಿರಾಕಿ ಸ್ವಂತ ಕಾಲ ಮೇಲೆ ನಿಲ್ಲುವ ಹಾಗೆ ಮಾಡಿದ್ದೇ ಈ ಕಂಪನಿ. ಅದೇ ಗಿರಾಕಿ ತಮ್ಮನ್ನೇ ನಂಬಿಕೊಂಡಿರುತ್ತಾನೆ ಅಂತ ಎಣಿಸಿದ್ದೂ ಈ ಕಂಪನಿಯೇ. ನನ್ನ ಅಭಿಪ್ರಾಯದಲ್ಲಿ ಯುದ್ಧ ಇನ್ನೂ ಒಂದೆರಡು ವರ್ಷ ನಡೆದಿದ್ದರೂ ಆ ಆರ್ಡರ್ ಬರುವುದು ಅನುಮಾನವಿತ್ತು. 1857ರ ಹೊತ್ತಿಗೆ ಎನ್‌ಫೀಲ್ಡ್‌ನಲ್ಲಿ ಯಂತ್ರಗಳಿಂದಲೇ ಬಂದೂಕು ತಯಾರಾಗತೊಡಗಿತ್ತು. ರಾಯಲ್ ಎನ್‌ಫೀಲ್ಡ್ ಬೈಕಿನ ಹೆಸರಿನಲ್ಲಿರುವ ಎನ್‌ಫೀಲ್ಡ್ ಕೂಡ ಇದೇ ಕಾರ್ಖಾನೆಯ ನಂಟಿನಿಂದ ಬಂದದ್ದು.

ಆಗ ಅವರು ಬೇರೆ ಏನು ಮಾಡಬಹುದಿತ್ತು? ಟೂಲಿಂಗ್ ಖರ್ಚನ್ನು ಗಿರಾಕಿಯೇ ಪ್ರತ್ಯೇಕವಾಗಿ ಕೊಡಲಿ ಅನ್ನಬಹುದಿತ್ತು. ಶಾರ್ಪ್ಸ್‌ನವರು ಮುಂಗಡ ಕೊಟ್ಟೇ ಕೆಲಸ ಶುರು ಮಾಡಿಸಿದ್ದರಲ್ಲ, ಆ ದಾರಿ ಅವರಿಗೆ ಗೊತ್ತೇ ಇತ್ತು. ಮುಂದಿನ ಆರ್ಡರ್ ಬಾರದಿದ್ದರೆ ಇಷ್ಟು ದುಡ್ಡು ಕಟ್ಟಿಕೊಡಬೇಕು ಅಂತ ಬರೆಸಿಕೊಳ್ಳಬಹುದಿತ್ತು. ಇವತ್ತೂ ನಾನು ವರ್ಕ್‌ಶಾಪ್ ಮಾಲೀಕರಿಗೆ ಈ ಎರಡನ್ನೇ ಮೊದಲು ಕೇಳಿ ಅನ್ನುತ್ತೇನೆ. ಗಿರಾಕಿ ಬೇಜಾರು ಮಾಡಿಕೊಳ್ಳುತ್ತಾರೆ ಅನ್ನುವ ಹೆದರಿಕೆ ಎಲ್ಲರಿಗೂ ಇರುತ್ತದೆ. ಆದರೆ ಮುಂದಿನ ಆರ್ಡರ್ ಕೊಡುವುದು ಖಂಡಿತ ಅನ್ನುವವರಿಗೆ ಅದನ್ನು ಬರೆದುಕೊಡಲು ಕಷ್ಟ ಯಾಕೆ, ಅಲ್ವಾ?

ಮೂರನೇ ದಾರಿಯೂ ಇತ್ತು. ಬಂದೂಕನ್ನು ಬಿಟ್ಟು ಯಂತ್ರವನ್ನೇ ಮುಖ್ಯ ಕಸುಬು ಮಾಡಿಕೊಳ್ಳುವುದು. ಅವರ ಯಂತ್ರಗಳಿಗೆ ಗಿರಾಕಿಗಳು ಇದ್ದರು. ಅದಕ್ಕೆ ಸಾಕ್ಷಿ ಹಾರ್ಟ್‌ಫರ್ಡ್‌ನಲ್ಲೇ ಸಿಗುತ್ತದೆ. ವಿಂಡ್ಸರ್‌ನ ಮಿಲ್ಲಿಂಗ್ ಮೆಷಿನ್ನಿನ ಮಾದರಿಯನ್ನೇ ಹಿಡಿದು, ಫ್ರಾನ್ಸಿಸ್ ಪ್ರಾಟ್ ಎಂಬ ಇಂಜಿನಿಯರ್ ಅದನ್ನು ಸುಧಾರಿಸಿದರು. 1855ರ ಹೊತ್ತಿಗೆ ಅಲ್ಲಿನ ಲಿಂಕನ್ ಕಂಪನಿ ಅದನ್ನು ಮಾಡಿ ಮಾರತೊಡಗಿತು. ಲಿಂಕನ್ ಮಿಲ್ಲರ್ ಅಂತಲೇ ಅದು ಹೆಸರಾಯಿತು. ಕೋಲ್ಟ್ ಪಿಸ್ತೂಲು ಕಾರ್ಖಾನೆ ಅದನ್ನು ಕೊಂಡಿತು. ಹತ್ತಾರು ವರ್ಷ ಆ ಮಾದರಿ ಓಡಿತು. ಅದೇ ಪ್ರಾಟ್ 1860ರಲ್ಲಿ ಇನ್ನೊಬ್ಬರ ಜೊತೆ ಸೇರಿ ಪ್ರಾಟ್ ಅಂಡ್ ವಿಟ್ನಿ ಶುರು ಮಾಡಿದರು. ವಿಂಡ್ಸರ್‌ನವರು ಬಂದೂಕು ಮಾಡಲೆಂದು ಯಂತ್ರ ಮಾಡಿಕೊಂಡರು. ಅವರ ಕೈಯಲ್ಲಿ ಹುಟ್ಟಿದ ಹೆಚ್ಚು ಬೆಲೆಯ ವಸ್ತು ಆ ಯಂತ್ರವೇ ಆಗಿತ್ತು. ಲೆಕ್ಕದ ಪುಸ್ತಕ ಬರೆಯುವವರಿಗೆ ಅದು ಬರೀ ಖರ್ಚಾಗಿ ಕಂಡಿರಬೇಕು ಅಂತ ನನಗೆ ಅನ್ನಿಸುತ್ತದೆ.

ಆಮೇಲೆ

ಕಂಪನಿ ಮುಚ್ಚಿದ ಮೇಲೆ ಅಲ್ಲಿನ ಕೆಲಸಗಾರರು ಚದುರಿದರು. ಹೋದಲ್ಲೆಲ್ಲ ವಿಂಡ್ಸರ್‌ನ ಕೆಲಸವನ್ನು ಕೊಂಡೊಯ್ದರು.

ಯುವ ಇಂಜಿನಿಯರ್ ಕೆಲವು ವರ್ಷದ ನಂತರ ರೋಡ್ ಐಲೆಂಡ್ ರಾಜ್ಯದ ಪ್ರಾವಿಡೆನ್ಸ್ ಟೂಲ್ ಕಂಪನಿ ಸೇರಿದರು. ಅಲ್ಲಿ ಬಂದೂಕಿನ ಸಣ್ಣ ತೂತು ಕೊರೆಯಲು ಟ್ವಿಸ್ಟ್ ಡ್ರಿಲ್ ಬೇಕಿತ್ತು. ಡ್ರಿಲ್ಲಿನ ಮೈಮೇಲಿನ ಸುರುಳಿ ಗೀರನ್ನು ಕೆಲಸಗಾರರು ದುಂಡು ಅರದಲ್ಲಿ ಕೈಯಿಂದಲೇ ಉಜ್ಜುತ್ತಿದ್ದರು. ಇಷ್ಟು ವರ್ಷ ಅರದ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುತ್ತಾ ಬಂದವರಿಗೆ ಇದು ಹೇಗೆ ಸಹಿಸೀತು? ಅದೇ ಊರಿನ ಬ್ರೌನ್ ಅಂಡ್ ಶಾರ್ಪ್ ಕಂಪನಿಯ ಜೋಸೆಫ್ ಬ್ರೌನ್ ಅವರ ಹತ್ತಿರ ಹೋಗಿ ಕೇಳಿದರು. ಬ್ರೌನ್ ಅದಕ್ಕೆಂದೇ ಯೂನಿವರ್ಸಲ್ ಮಿಲ್ಲಿಂಗ್ ಮೆಷಿನ್ ರೂಪಿಸಿದರು. ಟೇಬಲ್ ಓರೆಯಾಗಿ ತಿರುಗುತ್ತದೆ, ಡಿವೈಡಿಂಗ್ ಹೆಡ್ ಎಂಬ ಹಿಡಿಕೆಯಲ್ಲಿ ಹಿಡಿದ ತುಂಡು ಸುತ್ತುತ್ತಾ ಮುಂದೆ ಹೋಗುತ್ತದೆ, ಸುರುಳಿ ತಾನಾಗಿ ಕಡಿಯುತ್ತದೆ. ಮೊದಲ ಯಂತ್ರ 1862ರ ಮಾರ್ಚ್ 14ರಂದು ಪ್ರಾವಿಡೆನ್ಸ್ ಟೂಲ್ ಕಂಪನಿಗೇ ಮಾರಾಟವಾಯಿತು. ನಮ್ಮ ಟೂಲ್ ರೂಮುಗಳಲ್ಲಿ ಹೆಲಿಕಲ್ ಗೇರ್, ಅಂದರೆ ಓರೆ ಹಲ್ಲಿನ ಗೇರ್, ಕಡಿಯುವವರು ಇವತ್ತೂ ಟೇಬಲ್ಲನ್ನು ಹಾಗೇ ಓರೆ ಮಾಡಿ ಸೆಟ್ ಮಾಡುತ್ತಾರೆ.

ವಿಂಡ್ಸರ್‌ನಿಂದ ಹೊರಟ ಯಂತ್ರದ ಕಸುಬು ಮುಂದೆ ಜೋನ್ಸ್ ಅಂಡ್ ಲ್ಯಾಮ್ಸನ್ ಎಂಬ ಕಂಪನಿಗೆ ಬಂತು. ಅದು 1880ರ ದಶಕದ ಕೊನೆಯಲ್ಲಿ ಹತ್ತಿರದ ಸ್ಪ್ರಿಂಗ್‌ಫೀಲ್ಡ್‌ಗೆ ಸ್ಥಳಾಂತರವಾಯಿತು. ಇದು ವರ್ಮಾಂಟ್‌ನ ಸ್ಪ್ರಿಂಗ್‌ಫೀಲ್ಡ್, ಸರ್ಕಾರಿ ಬಂದೂಕಿನ ಕಾರ್ಖಾನೆಯಿದ್ದ ಊರು ಬೇರೆ. ಅಲ್ಲಿ ಟರ್ರೆಟ್ ಲೇತ್ ಇನ್ನಷ್ಟು ಬೆಳೆಯಿತು.

ಹಳ್ಳದ ದಡದ ಕಟ್ಟಡ ಈಗಲೂ ನಿಂತಿದೆ. 1966ರಿಂದ ಅದು ಹಳೆಯ ಯಂತ್ರಗಳ ಮ್ಯೂಸಿಯಂ. ಅದಕ್ಕೂ ಮೊದಲು, ಅಮೆರಿಕದಲ್ಲಿ ಅಂತರ್ಯುದ್ಧ ಶುರುವಾದ 1861ರಲ್ಲಿ, ಅದರ ಹೊಸ ಮಾಲೀಕರಿಗೆ ಸರ್ಕಾರದಿಂದ ಒಟ್ಟು 50,000 ಬಂದೂಕುಗಳ ಗುತ್ತಿಗೆ ಬಂತು. ಅವರು ಅಷ್ಟನ್ನೂ ಮಾಡಿ ಕೊಟ್ಟರು. ಆ ಹೊತ್ತಿಗೆ ಮೇಸ್ತ್ರಿ ಹಾರ್ಟ್‌ಫರ್ಡ್‌ನಲ್ಲಿ ಶಾರ್ಪ್ಸ್ ರೈಫಲ್ ಕಾರ್ಖಾನೆಯ ಮೇಲ್ವಿಚಾರಕರಾಗಿ ಸಂಬಳಕ್ಕೆ ಕೆಲಸ ಮಾಡುತ್ತಿದ್ದರು.